ಇಂದುವದನೆಯ ಲಗ್ನ ತಡವಾದ ಬಗ್ಗೆ

‘ಸಂಗೀತ ಇಂದುವದನಾ ಪರಿಣಯ’ ಎಂಬ ಐದಂಕದ ನಾಟಕದಲ್ಲಿ ಇಂದುವದನೆಯ ಪರಿಣಯವು ಒಮ್ಮೆಯೂ ನಡೆದಿಲ್ಲವೆಂಬ ಸಂಗತಿಯನ್ನು ಸರ್ವರ ತಿಳುವಳಿಕೆಗಾಗಿ ಮೊದಲಿಗೇ ನಮೂದಿಸಲಾಗುತ್ತದೆ. ನಾಟಕವು ೧೯೨೨ರಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ತಗಡಿನ ಥೇಟರಿನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಆಮೇಲೆ ಗದಗ, ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳಲ್ಲೆಲ್ಲ ಆಡಿತು, ನಿಂತಿತು, ಮತ್ತೆ ಎದ್ದಿತು, ಮತ್ತೆ ನಿಂತಿತು. ಈ ಸೀಮೆಯಲ್ಲಿ ಆ ನಾಟಕ ನೋಡದ ಮನುಷ್ಯ ಸಿಗುವುದು ಕಷ್ಟ. ಅದರ ಮೂರನೆಯ ಅಂಕ ನೋಡಿದ ಮನುಷ್ಯ ಸಿಗುವುದು ಅಸಾಧ್ಯ. ಇದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ಎರಡನೆಯ ಅಂಕದಲ್ಲಿ ಒಂದು ಹಾಡಿದೆ, ಅಷ್ಟೇ.

ಕಥೆ ಸರಳವಾದದ್ದು. ರಾಜಕುಮಾರಿ ಇಂದುವದನೆ ಒಂದು ಚಿತ್ರಪಟ ನೋಡಿ ದೂರದೇಶದ ರಾಜಕುಮಾರ ಜಯಧ್ವಜನನ್ನು ಮನಸ್ಸಿನಲ್ಲೇ ವರಿಸುತ್ತಾಳೆ. ಅದು ಒಂದನೆಯ ಅಂಕ. ಎರಡನೆಯ ಅಂಕದಲ್ಲಿ ಉಪ್ಪರಿಗೆಯ ಮೇಲೆ ನಿಂತು ‘ಇನ್ನೂ ಬಾರನೇಕೆ ಕಾಂತ’ ಎಂದು ಹಾಡುತ್ತಾಳೆ. ಮೂರನೆಯದರಲ್ಲಿ ಕಾಂತ ಬರುತ್ತಾನೆ, ಬಂದು ತಾನೂ ಒಂದು ಹಾಡು ಹೇಳುತ್ತಾನೆ. ನಾಲ್ಕನೆಯದರಲ್ಲಿ ದುಷ್ಟ ಮಂತ್ರಿಯ ಅಡ್ಡಗಾಲು, ಐದನೆಯದರಲ್ಲಿ ಲಗ್ನ. ನಾಟಕ ಬರೆದ ಪುಣ್ಯಾತ್ಮನ ಎಣಿಕೆ ಹೀಗಿತ್ತು. ಆತ ಬರವಣಿಗೆಯಲ್ಲಿ ಶಾಣ್ಯಾ, ಹುಬ್ಬಳ್ಳಿಯ ಪ್ರೇಕ್ಷಕರ ವಿಷಯದಲ್ಲಿ ಮಾತ್ರ ಕೂಸು.

ಮೊದಲ ರಾತ್ರಿ ಇಂದುವದನೆಯ ಪಾತ್ರ ಮಾಡಿದವರು ಪಂಢರಿನಾಥರು. ಆಗ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಪಂಢರಿನಾಥರು ಸೀರೆ ಉಟ್ಟು ನಿಂತರೆ ಮನೆಯಲ್ಲಿ ಹೆಂಡತಿ ಇದ್ದವರೂ ನಿಟ್ಟುಸಿರು ಬಿಡುತ್ತಿದ್ದರು. ಹಾಡು ಮುಗಿದ ಕೂಡಲೇ ಮುಂದಿನ ಸಾಲಿನಿಂದ ‘ವನ್ಸ್ ಮೋರ್’ ಎಂಬ ಕೂಗು ಬಂತು. ಹಾಡಿದರು. ಮತ್ತೆ ಬಂತು, ಮತ್ತೆ ಹಾಡಿದರು. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಸಾಕೆನ್ನುವವರೆಗೆ ಹೋಳಿಗೆಯವನು ಮುಂದಕ್ಕೆ ಹೋಗುವ ಹಾಗಿಲ್ಲ, ಅವನು ಹೋಗುವವರೆಗೆ ಅನ್ನದವನು ಬರುವ ಹಾಗಿಲ್ಲ. ಕಂಪನಿಯ ಮಾಲಕರು ಇದೇ ಶಿಷ್ಟಾಚಾರವನ್ನು ನಾಟಕಕ್ಕೂ ಹಚ್ಚಿದ್ದರು: ಪ್ರೇಕ್ಷಕ ದೇವರು ಸಾಕೆನ್ನದೆ ಮುಂದಿನ ಮಾತಿಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಸಾಕೆಂದವನು ದುರ್ಗದಬೈಲಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೀಗೆ ಬೆಳಗಾಯಿತು. ಪೋಲೀಸರ ಪರವಾನಗಿ ಬೆಳಗಿನವರೆಗೆ ಮಾತ್ರ ಇದ್ದುದರಿಂದ ಮಂಗಳ ಹಾಡಿ ಪರದೆ ಇಳಿಸಿದರು. ಜನ ಕಣ್ಣೊರೆಸಿಕೊಂಡು, ಇಂಥ ನಾಟಕ ಆಗಿಲ್ಲ, ಆಗುವುದಿಲ್ಲ ಎನ್ನುತ್ತ ಮನೆಗೆ ಹೋದರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನದ ಹೊತ್ತಿಗೆ ಅದು ಸಂಪ್ರದಾಯವಾಯಿತು.

ಈ ಎಲ್ಲ ಹೊತ್ತಿನಲ್ಲಿ ರಾಜಕುಮಾರ ಜಯಧ್ವಜನು ಕಿರೀಟ ಹಾಕಿಕೊಂಡು, ಕತ್ತಿ ಸಿಗಿಸಿಕೊಂಡು, ಪಕ್ಕದ ಪರದೆಯ ಹಿಂದೆ ನಿಂತಿದ್ದನು. ಆತನ ಹೆಸರು ಯಜ್ಞೇಶ್ವರ, ಧಾರವಾಡದ ಮಾಳಮಡ್ಡಿಯವನು. ಇಪ್ಪತ್ತಮೂರರ ಪ್ರಾಯ, ಗೌರವರ್ಣ, ಮೂರು ಸಪ್ತಕದಲ್ಲಿ ಓಡಾಡುವ ಗಂಟಲು. ಮೂರನೆಯ ಅಂಕದ ಆ ಹಾಡನ್ನು ತಾಲೀಮಿನಲ್ಲಿ ಕೇಳಿ ಪೇಟಿ ಬಾರಿಸುವವರು ಬಾರಿಸುವುದನ್ನೇ ಮರೆತಿದ್ದರು. ಹತ್ತು ಮಾರು ದೂರದಲ್ಲಿ ಪಂಢರಿನಾಥರು ‘ಇನ್ನೂ ಬಾರನೇಕೆ’ ಎಂದು ಎದೆ ಬಿರಿಯುವಂತೆ ಕರೆಯುತ್ತಿದ್ದರೆ, ಯಜ್ಞೇಶ್ವರನು ಒಂದು ಕಾಲು ಮುಂದಿಟ್ಟು, ‘ವನ್ಸ್ ಮೋರ್’ ಕೇಳಿ, ಆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವನ ತುತ್ತು ದಿನಾಲು ತುಟಿಯವರೆಗೆ ಬಂದು ತಿರುಗಿ ಹೋಗುತ್ತಿತ್ತು.

ಆದರೂ ಹೆಸರಿಗೆ ಕೊರತೆಯಾಗಲಿಲ್ಲ. ಜಾಹೀರಾತಿನಲ್ಲಿ ಅವನ ಚಿತ್ರ ದೊಡ್ಡದಾಗಿಯೇ ಬರುತ್ತಿತ್ತು. ಒಂದು ವಾರಪತ್ರಿಕೆಯ ವಿಮರ್ಶಕರಂತೂ ‘ಜಯಧ್ವಜನ ಪಾತ್ರದಲ್ಲಿ ಶ್ರೀ ಯಜ್ಞೇಶ್ವರರು ತೋರಿದ ಸಂಯಮವನ್ನು ಈ ಮೊದಲು ನಮ್ಮ ರಂಗಭೂಮಿ ಕಂಡಿರಲಿಲ್ಲ’ ಎಂದು ಬರೆದರು. ಅವರು ಕಂಡದ್ದೇನೋ, ದೇವರಿಗೇ ಗೊತ್ತು. ಈ ಕೀರ್ತಿಯನ್ನು ನಂಬಿ ಧಾರವಾಡದ ಒಬ್ಬ ಸಾಲಿ ಮಾಸ್ತರರು ತಮ್ಮ ಮಗಳು ತಾರಾಬಾಯಿಯನ್ನು ಅವನಿಗೆ ಕೊಟ್ಟು ಲಗ್ನ ಮಾಡಿದರು. ಜಯಧ್ವಜನಿಗೆ ಇಲ್ಲಿಯಾದರೂ ಒಂದು ಲಗ್ನವಾಯಿತು.

ತಾರಾಬಾಯಿ ಹೊಸ ಸೊಸೆಯಾಗಿ ನಾಟಕಕ್ಕೆ ಹೋದಳು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡಿ, ಬೆಳಗಿನ ಗಾಡಿಗೆ ಮನೆಗೆ ಬಂದು ಒಲೆ ಹೊತ್ತಿಸುತ್ತ ಕೇಳಿದಳು:

“ನೀವು ಎಲ್ಲಿದ್ರಿ?”

“ಒಳಗಿದ್ದೆ.”

“ಹೊರಗ ಯಾಕ ಬರಲಿಲ್ಲ?”

“ಪಾಳಿ ಬರಲಿಲ್ಲ.”

“ಒಳಗ ಇರೋದಾದ್ರ ಮನ್ಯಾಗೂ ಇರ್ತೀರಿ. ಅದಕ್ಕ ಕಿರೀಟ ಯಾಕ ಬೇಕು?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಅದೇ ಅವನಿಗೆ ಹೆಚ್ಚು ನಾಟಿತು. ಅವತ್ತೇ ಯಜ್ಞೇಶ್ವರ ಮನಸ್ಸಿನಲ್ಲಿ ಗಂಟು ಹಾಕಿಕೊಂಡ: ಒಂದೇ ಒಂದು ಸಲ, ಈಕೆ ನೋಡುತ್ತಿರುವಾಗ, ರಂಗದ ಮೇಲೆ ಹೋಗಿ ಆ ಹಾಡು ಹೇಳಬೇಕು. ಇನ್ನೇನೂ ಬೇಡ.

ವರ್ಷಗಳು ಹೋದವು. ಬಾಯಿಬಿಟ್ಟು ಮಾತಾಡುವ ಸಿನೆಮಾ ಬಂತು, ಕಂಪನಿ ಮುಚ್ಚಿತು, ಯಜ್ಞೇಶ್ವರ ಮಾಳಮಡ್ಡಿಯಲ್ಲಿ ಹುಡುಗಿಯರಿಗೆ ಸಂಗೀತ ಕಲಿಸುತ್ತ ಹೊಟ್ಟೆ ಹೊರೆದ. ಆದರೆ ಇಂದುವದನೆ ಸಾಯುವ ಹೆಣ್ಣಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಯಾರಿಗಾದರೂ ಹಳೆಯ ಕಲೆಯ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅದು ಸಾಮಾನ್ಯವಾಗಿ ಹತ್ತಿಯ ಧಾರಣೆ ಏರಿದಾಗ ಉಕ್ಕುತ್ತಿತ್ತು. ಕೂಡಲೇ ಗೋಡೆಗೋಡೆಗೂ ಜಾಹೀರಾತು ಬೀಳುತ್ತಿತ್ತು: ‘ಮತ್ತೆ ಇಂದುವದನಾ! ಅದೇ ಪಂಢರಿನಾಥ! ಅದೇ ಹಾಡು! ಈ ಸಲ ಲಗ್ನ ಖಂಡಿತ!’ ಜನ ಲಗ್ನ ನೋಡಲು ಮುಗಿಬಿದ್ದು ಬರುತ್ತಿದ್ದರು, ಹಾಡು ಕೇಳಿ ವನ್ಸ್ ಮೋರ್ ಎನ್ನುತ್ತಿದ್ದರು, ಲಗ್ನವಾಗದ್ದಕ್ಕೆ ಮರುಗುತ್ತ ಹೋಗುತ್ತಿದ್ದರು. ತಾವೇ ಬಾಗಿಲಿಗೆ ಅಡ್ಡ ನಿಂತು, ಬೀಗರು ಯಾಕೆ ಬರಲಿಲ್ಲ ಎಂದು ಅಳುವವರಿಗೆ ಏನು ಹೇಳುವುದು? ಪ್ರತಿ ಸಲ ತಾರಾಬಾಯಿಯೂ ಹೋಗುತ್ತಿದ್ದಳು. ಬಂದು ಒಲೆ ಹೊತ್ತಿಸುತ್ತಿದ್ದಳು. ಕಡೆಕಡೆಗೆ ಆಕೆ ಕೇಳುವುದನ್ನೇ ಬಿಟ್ಟಳು.

೧೯೪೩ರಲ್ಲಿ ಯುದ್ಧ ಜೋರಾಗಿ ನಡೆದಿತ್ತು. ಹುಬ್ಬಳ್ಳಿಯ ಹತ್ತಿಯ ಅಡತಿ ವ್ಯಾಪಾರಿ ಶಾಂತಯ್ಯನವರಿಗೆ ಯುದ್ಧದ ದೆಸೆಯಿಂದ ತಕ್ಕಮಟ್ಟಿಗೆ ಒಳ್ಳೆಯದೇ ಆಗಿತ್ತು. ಅವರ ಅರಳೆ ತುಂಬಿದ ಅಂಡಿಗೆಗಳಿಗೆ ರೈಲಿನ ಡಬ್ಬಿ ಸಿಗುವುದೊಂದೇ ತೊಂದರೆ. ಯುದ್ಧನಿಧಿಗಾಗಿ ಒಂದು ನಾಟಕ ಆಡಿಸಿದರೆ ಸರಕಾರದ ಸಾಹೇಬರು ಸಂತೋಷಪಡುತ್ತಾರೆಂದೂ, ಸಂತೋಷಪಟ್ಟ ಸಾಹೇಬರಿಗೆ ಡಬ್ಬಿಗಳು ಕಾಣಿಸುತ್ತವೆಂದೂ ತಿಳಿದವರು ಹೇಳಿದರು. ಶಾಂತಯ್ಯನವರಿಗೆ ಆ ಕ್ಷಣವೇ ಹಳೆಯ ರಂಗಭೂಮಿಯ ಅವಸ್ಥೆ ನೆನಪಾಗಿ ಕರುಳು ಚುರ್ರೆಂದಿತು. ‘ಸಂಗೀತ ಇಂದುವದನಾ ಪುನರುಜ್ಜೀವನ ಮಂಡಳಿ’ ಸ್ಥಾಪನೆಯಾಯಿತು. ಅವರೇ ಅಧ್ಯಕ್ಷರಾದರು.

ಈ ಸಲ ಒಂದು ಹೊಸ ಸಂಗತಿಯಿತ್ತು. ಸೀಮೆಎಣ್ಣೆಯ ಅಭಾವದ ಮೂಲಕ ಮಧ್ಯರಾತ್ರಿಗೆ ದೀಪ ಆರಿಸಬೇಕೆಂದು ಸರಕಾರದ ಹುಕುಂ ಇತ್ತು. ಯಜ್ಞೇಶ್ವರನ ಎದೆಯಲ್ಲಿ ಆಸೆ ಚಿಗುರಿದ್ದು ಇದರಿಂದಲೇ. ಹೊತ್ತು ಕಡಿಮೆಯಾದರೆ ವನ್ಸ್ ಮೋರಿಗೂ ಮಿತಿ ಹಾಕಲೇಬೇಕು. ಮಿತಿ ಹಾಕಿದರೆ ಮೂರನೆಯ ಅಂಕ ಬರಲೇಬೇಕು. ಅವನಿಗೀಗ ನಲವತ್ತನಾಲ್ಕು. ಕಿರೀಟದ ಕೆಳಗೆ ಕೂದಲಿರಲಿಲ್ಲ, ಗಂಟಲು ಮಾತ್ರ ಇನ್ನೂ ಗಟ್ಟಿಯಾಗಿತ್ತು. ಧಾರವಾಡದಿಂದ ಗಾಡಿ ಹತ್ತಿ ಉಣಕಲ್ಲಿನಿಂದ ಹುಬ್ಬಳ್ಳಿಯವರೆಗೆ ಆ ಹಾಡನ್ನೇ ಗುನುಗುತ್ತ ಹೋಗಿ, ಶಾಂತಯ್ಯನವರ ಅಂಗಡಿಯ ಗಾದಿಯ ತುದಿಯಲ್ಲಿ ಕೂತ.

“ಸಾವಕಾರ್ರ, ಈ ಸಲನಾದ್ರೂ ನನ್ನ ಪ್ರವೇಶ ಆಗಬೇಕ್ರಿ,” ಎಂದ.

“ರಾಯರ, ನೀವು ಚಿಂತಿ ಬಿಡ್ರಿ,” ಎಂದರು ಶಾಂತಯ್ಯನವರು, ಲೋಡಿಗೆ ಒರಗಿ. “ಲಗ್ನ ಮಾಡೇ ಬಿಡಾಕ ಕುಂತೇನಿ. ಇಪ್ಪತ್ತು ವರ್ಷ ಆತು, ಹುಡುಗಿನ್ನ ಹಂಗ ಮನ್ಯಾಗ ಇಟ್ಕೊಂಡು ಕುಂಡ್ರೋದು ಊರಿಗೇ ಛಲೋ ಅಲ್ಲ.”

ಯಜ್ಞೇಶ್ವರನಿಗೆ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಹೆಂಡತಿಗೆ ಹೇಳಿದ. ತಾರಾಬಾಯಿ ಪೆಟ್ಟಿಗೆ ತೆಗೆದು, ಲಗ್ನದ ಕಾಲದ ಇಳಕಲ್ಲ ಸೀರೆಯನ್ನು ಬಿಸಿಲಿಗೆ ಹಾಕಿದಳು. ಓಣಿಯವರು ಏನು ವಿಶೇಷವೆಂದು ಕೇಳಿದರೆ, “ನಮ್ಮವರು ಬರ್ತಾರಂತ,” ಎಂದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದ ಗಂಡನ ಬಗ್ಗೆ ಹೀಗೆ ಹೇಳುವುದರಲ್ಲಿ ಓಣಿಗೂ ತಪ್ಪು ಕಾಣಲಿಲ್ಲ.

ಮುಂದೆ ಮಂಡಳಿಯ ಸಭೆ ಸೇರಿತು. ನಾಟಕವನ್ನು ಮೂಲರೂಪದಲ್ಲಿಯೇ ಆಡಬೇಕೆಂದು ಮೊದಲು ನಿರ್ಧಾರವಾಯಿತು. ಮೂಲರೂಪ ಯಾವುದೆಂಬ ಪ್ರಶ್ನೆ ಆಮೇಲೆ ಎದ್ದಿತು. ಮೊದಲ ರಾತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದ ಕಾಳಿನ ವ್ಯಾಪಾರಿ ಚನ್ನಯ್ಯನವರನ್ನು ಸಾಕ್ಷಿಗೆ ಕರೆಸಿದರು. ಅವರೀಗ ಎಪ್ಪತ್ತು ದಾಟಿದವರು, ಊರಿಗೆಲ್ಲ ಬೇಕಾದವರು. ಮೊದಲ ವನ್ಸ್ ಮೋರ್ ಕೂಗಿದ್ದು ತಾವೇ ಎಂದು ಹೇಳಿಕೊಂಡು ತಿರುಗುತ್ತಿದ್ದರು.

“ಮೂರನೇ ಅಂಕದಾಗ ಏನಾತು, ನೆನಪೈತೇನ್ರಿ?” ಎಂದು ಶಾಂತಯ್ಯನವರು ಕೇಳಿದರು.

“ಇಲ್ಲದ ಏನ್ರಿ? ಚಹಾ ಕುಡದೆ, ಎರಡು ಮಿರ್ಚಿ ತಿಂದೆ.”

“ನಾಲ್ಕನೇದ್ದರಾಗ?”

“ಮನಿಗೆ ಹೋಗಿ ಮಕ್ಕೊಂಡೆ.”

ಯಜ್ಞೇಶ್ವರ ತಡೆಯಲಾರದೆ ಎದ್ದು ನಿಂತ. “ಮೂರನೇ ಅಂಕ ಬರದಾರ್ರಿ. ನನ್ನ ಹತ್ರ ನನ್ನ ಮಾತು ಅವ, ಹಾಡು ಅದ. ಬೇಕಾದ್ರ ಈಗ ಹಾಡ್ತೀನಿ.”

“ಬರದಿದ್ದಕ್ಕೂ ನಡಿಯೂದಕ್ಕೂ ಏನ್ರಿ ಸಂಬಂಧ?” ಎಂದರು ಶಾಂತಯ್ಯನವರು ಶಾಂತವಾಗಿ. “ನಮ್ಮ ಅಂಗಡಿ ಫಳಿ ಮ್ಯಾಲೆ ‘ಪ್ರಾಮಾಣಿಕ ವ್ಯಾಪಾರ’ ಅಂತ ಬರದೈತಿ. ಹಂಗಂತ ಯಾರರ ಒತ್ತಾಯ ಮಾಡ್ಯಾರೇನು?”

ಸಭೆ ಈ ವಾದಕ್ಕೆ ತಲೆದೂಗಿತು. ಸಂಜೆಯೊಳಗೆ ಕೆಳಗಿನ ನಿಯಮಗಳು ಏಕಮತದಿಂದ ಮಂಜೂರಾದವು.

‘ಕಲಮು ಒಂದು: ನಾಟಕವನ್ನು ಹಿರಿಯರು ನೋಡಿದಂತೆಯೇ ಆಡತಕ್ಕದ್ದು. ಕಲಮು ಎರಡು: ಯಾವ ಹಿರಿಯರೂ ನೋಡದ ಭಾಗವನ್ನು ನಾಟಕದ ಭಾಗವೆಂದು ತಿಳಿಯತಕ್ಕದ್ದಲ್ಲ. ಕಲಮು ಮೂರು: ಮೂರನೆಯ ಅಂಕವು ಚಹಾ ಮತ್ತು ಮಿರ್ಚಿ ಇದ್ದು, ಅದರ ಗುತ್ತಿಗೆಯು ಅಧ್ಯಕ್ಷರ ಅಳಿಯನ ಕಡೆಗೆ ಇರತಕ್ಕದ್ದು. ಕಲಮು ನಾಲ್ಕು: ಇಂದುವದನೆಯ ಕರೆಯು ಸುಳ್ಳಾಗಬಾರದಾದ ಕಾರಣ ಜಯಧ್ವಜನು ಬಣ್ಣ ಹಚ್ಚಿಕೊಂಡು ಒಳಗೆ ಹಾಜರಿರತಕ್ಕದ್ದು. ಕಲಮು ಐದು: ಹಾಜರಿರುವುದು ಬೇರೆ, ಬರುವುದು ಬೇರೆ.’

ಹೊತ್ತಿನ ಅಭಾವವನ್ನೂ ಮಂಡಳಿ ಮರೆಯಲಿಲ್ಲ. ಮಧ್ಯರಾತ್ರಿಗೆ ಮುಗಿಸಬೇಕಾದ್ದರಿಂದ ಏನನ್ನಾದರೂ ಬಿಡಲೇಬೇಕಿತ್ತು. ಒಂದನೆಯ ಅಂಕವನ್ನು ಬಿಟ್ಟರು. ಆಕೆ ಚಿತ್ರಪಟ ನೋಡುವುದು ಎಲ್ಲರಿಗೂ ಗೊತ್ತೇ ಇದೆ, ಮತ್ತೆ ಮತ್ತೆ ನೋಡಿ ಸರಕಾರದ ಎಣ್ಣೆ ಯಾಕೆ ಸುಡಬೇಕು? ಪರದೆ ಏಳುವುದೇ ಹಾಡಿನಿಂದ, ಇಳಿಯುವುದೂ ಹಾಡಿನಿಂದ. ಜಾಹೀರಾತಿನಲ್ಲಿ ‘ಐದೂ ಅಂಕ! ಸಂಪೂರ್ಣ ನಾಟಕ! ಈ ಸಲ ಲಗ್ನ ಖಂಡಿತ!’ ಎಂದು ಎಂದಿನಂತೆ ಅಚ್ಚಾಯಿತು.

ಯಜ್ಞೇಶ್ವರ ಈ ನಿಯಮಗಳ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ. ಸೀರೆ ಮಡಿಕೆಯಾಗಿ ಗೂಟದ ಮೇಲೆ ಕೂತಿತ್ತು.

ನಾಟಕದ ದಿನ ಥೇಟರು ಕಿಕ್ಕಿರಿದಿತ್ತು. ಸಾಹೇಬರು ಹಾರ ಹಾಕಿಸಿಕೊಂಡು, ಒಂದು ಹಾಡು ಕೇಳಿ, ಅದೇ ಹಾಡು ಮತ್ತೆ ಶುರುವಾದದ್ದನ್ನು ಕಂಡು ಎದ್ದು ಹೋದರು. ಪಂಢರಿನಾಥರಿಗೆ ಐವತ್ತೆರಡು ತುಂಬಿತ್ತು, ಇಂದುವದನೆಗೆ ಹದಿನಾರು. ಈ ವ್ಯತ್ಯಾಸವನ್ನು ಪೌಡರಿನಿಂದ ಮುಚ್ಚಲಾಗಿತ್ತು, ಉಳಿದದ್ದನ್ನು ಜನರ ಭಕ್ತಿ ಮುಚ್ಚಿತು. ಉಪ್ಪರಿಗೆಯ ಹಲಗೆ ಅವರ ಭಾರಕ್ಕೆ ಕಿರ್ರೆನ್ನುತ್ತಿತ್ತು. ಅದೂ ಹಾಡಿನ ಪೀಲೂ ರಾಗದಲ್ಲಿಯೇ ಕಿರ್ರೆನ್ನುತ್ತದೆಂದು ಹಿಂದಿನ ಸಾಲಿನ ಒಬ್ಬರು ಕೊಂಡಾಡಿದರು.

ಯಜ್ಞೇಶ್ವರ ಪರದೆಯ ಸಂದಿಯಿಂದ ಹೆಂಗಸರ ಕಡೆ ನೋಡಿದ. ತಾರಾಬಾಯಿ ಇಳಕಲ್ಲ ಸೀರೆ ಉಟ್ಟು, ಓಣಿಯ ನಾಲ್ಕು ಹೆಂಗಸರನ್ನು ಅಕ್ಕಪಕ್ಕ ಕೂಡ್ರಿಸಿಕೊಂಡು, ಅವನು ಬರಬೇಕಾದ ಮೂಲೆಯನ್ನೇ ನೋಡುತ್ತಿದ್ದಳು. ಹಾಡಿನ ಕಡೆ ಆಕೆಯ ಲಕ್ಷ್ಯವಿರಲಿಲ್ಲ. ಇಡೀ ಥೇಟರಿನಲ್ಲಿ ಆ ಮೂಲೆ ನೋಡುತ್ತಿದ್ದವಳು ಅವಳೊಬ್ಬಳೇ. ಇಪ್ಪತ್ತು ವರ್ಷದ ಸಂಯಮ, ಯಾವ ವಿಮರ್ಶಕರಿಗೆ ಬೇಕಾದರೂ ಇರಲಿ, ತನಗೆ ಸಾಕು ಎಂದು ಯಜ್ಞೇಶ್ವರನಿಗೆ ಅನ್ನಿಸಿತು. ಆ ಥೇಟರಿನಲ್ಲಿ ಸಾಕೆಂದ ಮೊದಲ ಮನುಷ್ಯ ಅವನೇ. ಎಷ್ಟನೆಯದೋ ವನ್ಸ್ ಮೋರಿಗೆ ಪಂಢರಿನಾಥರು ‘ಇನ್ನೂ ಬಾರನೇಕೆ ಕಾಂತ’ ಎಂದು ಕೈ ಚಾಚಿದಾಗ, ಕಾಂತನು ನಡೆದು ಬಂದೇ ಬಿಟ್ಟನು.

ತಬಲಾ ನಿಂತಿತು. ಪಂಢರಿನಾಥರು ಬೆವರು ಒರೆಸಿಕೊಳ್ಳುತ್ತ, ಸೆರಗಿನ ಮರೆಯಲ್ಲಿ ಕೇಳಿದರು:

“ಯಾಕ ಬಂದ್ರಿ?”

“ನೀವ ಕರದ್ರಲ್ಲಾ.”

“ಕರೀತಾರ್ರಿ. ಕರದ್ರ ಬರಬೇಕೇನು?”

ಯಜ್ಞೇಶ್ವರ ಷಡ್ಜ ಹಿಡಿದು ತನ್ನ ಹಾಡಿನ ಮೊದಲ ಸಾಲನ್ನು ಎತ್ತಿದ. ಇದ್ದದ್ದನ್ನು ಹೇಳಬೇಕು: ಚೆನ್ನಾಗಿ ಹಾಡಿದ. ಇಪ್ಪತ್ತು ವರ್ಷ ಒಳಗೇ ಕಾದ ಧ್ವನಿ ತಗಡಿನ ಚಾವಣಿಯವರೆಗೆ ಹೋಗಿ, ಅಲ್ಲಿಂದ ತಿರುಗಿ, ಕೂತವರ ತಲೆಯ ಮೇಲೆ ಇಳಿಯಿತು. ಸಾಲು ಮುಗಿಯಿತು. ಅವನು ಕಾದ. ಯಾರೂ ವನ್ಸ್ ಮೋರ್ ಎನ್ನಲಿಲ್ಲ.

ಮುಂದಿನ ಸಾಲಿನಲ್ಲಿ ಚನ್ನಯ್ಯನವರು ಕೋಲು ಊರಿ ಎದ್ದು ನಿಂತರು. “ಯಾರ ಇಂವಾ?” ಎಂದರು. “ಹೆಣ್ಣುಮಗಳು ಒಬ್ಬಾಕಿ ನಿಂತಾಗ ಒಳಗ ಹೊಕ್ಕಾನಲ್ಲ? ಇಪ್ಪತ್ತು ವರ್ಷ ನೋಡಾಕತ್ತೇವಿ, ಆಕಿ ಮನಿಗೆ ಒಬ್ಬ ಗಂಡಸು ಬಂದಿದ್ದಿಲ್ಲ.”

ಥೇಟರು ಎದ್ದಿತು. ಇಂದುವದನೆಯ ಶೀಲದ ವಿಷಯದಲ್ಲಿ ಹುಬ್ಬಳ್ಳಿಗೆ ಇಷ್ಟು ಕಾಳಜಿ ಇರುವುದು ಅಂದು ಗೊತ್ತಾಯಿತು. ಕೆಲವರು ಟಿಕೀಟಿನ ಹಣ ಕೇಳಿದರು, ಕೆಲವರು ಯಜ್ಞೇಶ್ವರನನ್ನೇ ಕೇಳಿದರು. ಮಂಡಳಿಯ ಇಬ್ಬರು ಸದಸ್ಯರು ರಾಜಕುಮಾರನನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ಪಂಢರಿನಾಥರು ಸೆರಗು ಸರಿಮಾಡಿಕೊಂಡು ‘ಇನ್ನೂ ಬಾರನೇಕೆ’ ಎಂದು ಮೊದಲಿನಿಂದ ತೆಗೆದ ಮೇಲೆ ಜನ ಸಮಾಧಾನದಿಂದ ಕೂತರು. ಬಂದವನನ್ನು ಎಳೆದು ಹಾಕಿ, ಬಾರದವನಿಗಾಗಿ ಅತ್ತರು.

ಯಜ್ಞೇಶ್ವರ ಬಣ್ಣದ ಕೋಣೆಯಲ್ಲಿ ಕೂತು ಕೂಸಿನಂತೆ ಅತ್ತ. ತಾರಾಬಾಯಿ ಅವನ ಕೂಡ ಗಾಡಿ ಹತ್ತಿದಳು. ಮನೆ ಹತ್ತಿರ ಬಂದಾಗ, “ಒಂದು ಸಾಲು ಕೇಳಿದೆ,” ಎಂದಳು. “ಛಲೋ ಇತ್ತು. ಆದ್ರ ಮಂದಿ ಹಂಗ ನೋಡೂಮುಂದ ನನಗ ನಿಮ್ಮನ್ನ ಗುರುತು ಹೇಳಲಿಕ್ಕೆ ಆಗಲಿಲ್ಲ. ಬಾಜೂದವರು ಕೇಳಿದ್ರು, ಯಾರಿವರು ಅಂತ. ಗೊತ್ತಿಲ್ಲ ಅಂದೆ.”

ಮುಂದಿನ ಸೋಮವಾರ ವಿಚಾರಣೆ ನಡೆಯಿತು. ಆರೋಪಿಯು ಕರೆದಾಗ ಬಂದದ್ದು, ಬಂದು ಹಾಡಿದ್ದು, ಹಾಡಿ ಲಗ್ನಕ್ಕೆ ಸಿದ್ಧನಿರುವಂತೆ ತೋರಿಸಿಕೊಂಡದ್ದು ಎಂಬ ಮೂರೂ ಆರೋಪಗಳು ರುಜುವಾತಾದವು. ಯಜ್ಞೇಶ್ವರನು ರಂಗದ ಮೇಲೆ ಇನ್ನೆಂದೂ ಕಾಲಿಡಕೂಡದೆಂದು ಠರಾವು ಆಯಿತು. ಸಭೆ ಮುಗಿದ ಮೇಲೆ ಶಾಂತಯ್ಯನವರು ಅವನನ್ನು ಒತ್ತಟ್ಟಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟರು.

“ತಪ್ಪು ತಿಳೀಬ್ಯಾಡ್ರಿ ರಾಯರ. ಲಗ್ನ ಆದ್ರ ಮಂದಿ ಅಕ್ಕಿಕಾಳು ಒಗದು ಮನಿಗೆ ಹೋಗ್ತಾರ. ಮತ್ತ್ಯಾಕ ಬರ್ತಾರ? ಕನ್ಯಾ ಇದ್ದ ಮನಿಗೇ ಮಂದಿ ಎಡತಾಕೋದು. ಇಂದುವದನಾ ಇಷ್ಟು ವರ್ಷ ಬಾಳ್ಯಾಳಂದ್ರ ಅದು ನಿಮ್ಮಿಂದ. ನೀವು ಬರಲಿಲ್ಲಂತ ಬಾಳ್ಯಾಳ.”

ಇಷ್ಟು ವರ್ಷದಲ್ಲಿ ಯಾರೂ ಅವನ ಕೆಲಸವನ್ನು ಹೀಗೆ ಹೊಗಳಿರಲಿಲ್ಲ. ಯಜ್ಞೇಶ್ವರನಿಗೆ ಬಯ್ಯಬೇಕೋ ನಮಸ್ಕಾರ ಮಾಡಬೇಕೋ ತಿಳಿಯಲಿಲ್ಲ. ನಮಸ್ಕಾರ ಮಾಡಿ ಬಂದ.

ಆದರೆ ತೊಂದರೆ ಬೇರೆ ಕಡೆಯಿಂದ ಹುಟ್ಟಿತು. ಮುಂದಿನ ಆಟದ ದಿನ ಪಂಢರಿನಾಥರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ, “ಒಳಗ ಯಾರರ ಅದಾರೋ ಇಲ್ಲೋ?” ಎಂದು ಕೇಳಿದ. ಅವತ್ತು ಒಬ್ಬನನ್ನು ಕಣ್ಣಾರೆ ಕಂಡ ಮೇಲೆ ಜನರ ಮನಸ್ಸಿನಲ್ಲಿ ಸಂಶಯ ಹೊಕ್ಕಿತ್ತು. ಒಳಗೆ ಯಾರೂ ಇಲ್ಲದಿದ್ದರೆ ಇಂದುವದನೆ ಕರೆಯುತ್ತಿರುವುದು ಯಾರನ್ನು? ಖಾಲಿ ಕೋಣೆಯನ್ನು ಕರೆಯುವುದಕ್ಕೆ ದುಡ್ಡು ಕೊಡಬೇಕೇ? ಮಂಡಳಿ ಗಾಬರಿಯಾಗಿ ಯಜ್ಞೇಶ್ವರನನ್ನು ಕರೆಸಿತು. ಅವನು ಮೊದಲು ಒಲ್ಲೆನೆಂದ. ಆದರೆ ಊರಲ್ಲಿ ಅವನನ್ನು ರಾಜಕುಮಾರನೆನ್ನುವುದನ್ನು ಬಿಟ್ಟು, ‘ಹೆಣ್ಣಿನ ಕೋಣೆಗೆ ಹೊಕ್ಕವ’ ಎನ್ನಲು ಶುರುಮಾಡಿದ್ದರು. ಸಂಗೀತ ಕಲಿಯುವ ಹುಡುಗಿಯರನ್ನು ಮನೆಯವರು ಬಿಡಿಸಿದ್ದರು. ಹೋಗದೆ ಗತಿಯಿರಲಿಲ್ಲ.

ಬಣ್ಣದ ಕೋಣೆಯ ಗೋಡೆ ಒಡೆದು ಒಂದು ಕಿಡಕಿ ಇಟ್ಟರು. ಹೊರಗಿನಿಂದ ಸಾಲಾಗಿ ಬಂದು ಜನ ಜಯಧ್ವಜನನ್ನು ಖಾತ್ರಿ ಮಾಡಿಕೊಳ್ಳಬಹುದು. ಅದಕ್ಕೆ ಬೇರೆ ಟಿಕೀಟು. ಅದಕ್ಕೂ ನಿಯಮಗಳಾದವು: ‘ಜಯಧ್ವಜನು ಮುಕ್ಕಾಲಿಯ ಮೇಲೆ ಕೂತು ರಂಗದ ದಿಕ್ಕಿಗೆ ಮುಖ ಮಾಡಿರತಕ್ಕದ್ದು. “ಬಾರನೇಕೆ” ಎಂಬ ಶಬ್ದ ಕೇಳಿದಾಗ ಅರ್ಧ ಏಳತಕ್ಕದ್ದು. ಪೂರ್ತಿ ಏಳತಕ್ಕದ್ದಲ್ಲ. ಆಮೇಲೆ ನಿಟ್ಟುಸಿರಿನೊಂದಿಗೆ ಕೂಡ್ರತಕ್ಕದ್ದು.’

ಮೊದಲ ದಿನ ಬಂದವರು ಕೆಲವರೇ. ಯಜ್ಞೇಶ್ವರ ಅವಮಾನದಿಂದ ತಲೆ ತಗ್ಗಿಸಿ ಕೂತಿದ್ದ. ಆ ಕಡೆ ಹಾಡು ಬಂತು, ಈ ಕಡೆ ಅವನು ಅರ್ಧ ಎದ್ದ. ಬರಬೇಕೆಂಬ ಇಪ್ಪತ್ತು ವರ್ಷದ ಆಸೆಯೆಲ್ಲ ಮೊಣಕಾಲಿಗೆ ಬಂದು ನಿಂತಿತು. ಆಮೇಲೆ ಕೂತ. ಕಿಡಕಿಯ ಹೊರಗೆ ಮೊಮ್ಮಗನ ಹೆಗಲು ಹಿಡಿದು ನಿಂತಿದ್ದ ಚನ್ನಯ್ಯನವರು ಗದ್ಗದಿತರಾಗಿ ಅಂದರು: “ವನ್ಸ್ ಮೋರ್.”

ಯಜ್ಞೇಶ್ವರ ಕತ್ತೆತ್ತಿ ನೋಡಿದ. ತನಗೇ ಹೇಳಿದ್ದೆಂದು ಖಾತ್ರಿಯಾದ ಮೇಲೆ, ಮತ್ತೆ ಅರ್ಧ ಎದ್ದು ಮತ್ತೆ ಕೂತ. ಅವನಿಗೆ ಸಂತೋಷವಾಯಿತು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಬಹಳ ಸಂತೋಷವಾಯಿತು.

ತಿಂಗಳೊಳಗೆ ಕಿಡಕಿಯ ಸಾಲು ಥೇಟರಿನ ಸಾಲಿಗಿಂತ ಉದ್ದವಾಯಿತು. ಗದಗಿನಿಂದ, ಬೆಳಗಾವಿಯಿಂದ ಜನ ಬಂದರು. ಪಂಢರಿನಾಥರು ಮುನಿಸಿಕೊಂಡು ಒಂದು ದಿನ ಹಾಡಲಿಲ್ಲ. ಅವತ್ತು ಹಾರ್ಮೋನಿಯಮ್ಮಿನಲ್ಲಿ ಆ ಸಾಲನ್ನು ಬಾರಿಸಿ ಕೆಲಸ ಸಾಗಿಸಿದರು, ಯಾರೂ ವಿಚಾರಿಸಲಿಲ್ಲ. ವಾರಪತ್ರಿಕೆಯ ವಿಮರ್ಶಕರು ‘ಅರ್ಧ ಏಳುವುದರಲ್ಲಿ ಇಷ್ಟು ಅರ್ಥವಿದೆಯೆಂದು ಪೂರ್ತಿ ಏಳುವ ನಟರಿಗೆ ತಿಳಿಯಲಾರದು’ ಎಂದು ಬರೆದರು. ಶಾಂತಯ್ಯನವರ ಅಂಡಿಗೆಗಳಿಗೆ ಡಬ್ಬಿ ಸಿಕ್ಕಿತು. ಹುಡುಗಿಯರು ಸಂಗೀತಕ್ಕೆ ಮರಳಿ ಬಂದರು. ಒಬ್ಬಳು ಒಂದು ದಿನ, ನಿಮ್ಮ ನಾಟಕದ ಹಾಡು ಕಲಿಸಿರಿ ಮಾಸ್ತರರೇ ಎಂದು ಕೇಳಿದಳು. ಯಜ್ಞೇಶ್ವರ ಪೇಟಿ ಎಳೆದುಕೊಂಡ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಎಷ್ಟು ನೆನೆಸಿದರೂ ಬರಲಿಲ್ಲ. ಹೋಗಲಿ ಬಿಡು ಎಂದುಕೊಂಡು, ಅವಳಿಗೆ ನೆಟ್ಟಗೆ ಕೂಡ್ರುವುದು ಹೇಗೆಂದು ತೋರಿಸಿದ.

ಇಷ್ಟಾದರೂ ತಾರಾಬಾಯಿ ಕಿಡಕಿಯ ಕಡೆ ಸುಳಿದಿರಲಿಲ್ಲ. ಒಂದು ಶನಿವಾರ ಹೇಳದೆ ಕೇಳದೆ ಬಂದಳು. ಟಿಕೀಟು ತೆಗೆದು, ಇಳಕಲ್ಲ ಸೀರೆಯುಟ್ಟು, ಎಲ್ಲರಂತೆ ಸಾಲಿನಲ್ಲಿ ನಿಂತಳು. ಕಿಡಕಿಯ ಸರಳಿನಾಚೆ ಗಂಡ ಅರ್ಧ ಎದ್ದು ಕೂತದ್ದನ್ನು ನೋಡಿದಳು. ಜನ ವನ್ಸ್ ಮೋರ್ ಎಂದಾಗ ಆಕೆಯೂ ಎಂದಳು. ಬಾಜೂದವಳು, “ಯಾರ್ರಿ ಅವರು?” ಎಂದು ಕೇಳಿದ್ದಕ್ಕೆ, “ನಮ್ಮ ಮನಿಯವರು,” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಮನೆಗೆ ಬಂದು ಒಲೆ ಹೊತ್ತಿಸಿದಳು. ಯಜ್ಞೇಶ್ವರ ಮುಖದ ಬಣ್ಣ ತೊಳೆಯದೆ ಅಡಿಗೆಮನೆಯ ಬಾಗಿಲಲ್ಲೇ ನಿಂತ. ಇಪ್ಪತ್ತು ವರ್ಷದಿಂದ ಆಕೆ ಕೇಳಬೇಕು, ತಾನು ಹೇಳಬೇಕು ಎಂದಿತ್ತು. ಇವತ್ತು ಕೇಳುವವನು ಅವನೇ ಆದ.

“ಹ್ಯಾಂಗಿತ್ತು?”

“ಛಲೋ ಕೂತ್ರಿ,” ಎಂದಳು ತಾರಾಬಾಯಿ, ಮನಸ್ಸಿನಿಂದ.

“ಎರಡನೇ ಸಲ ಕೂತದ್ದು?”

ಆಕೆ ಊದುಗೊಳವೆ ಕೆಳಗಿಟ್ಟು, ನ್ಯಾಯವಾಗಿ ವಿಚಾರ ಮಾಡಿದಳು.

“ಮೊದಲನೇದ್ದರ ರುಚಿ ಎರಡನೇದ್ದಕ್ಕ ಬರಲಿಲ್ಲ ಬಿಡ್ರಿ.”

ಯಜ್ಞೇಶ್ವರನಿಗೂ ಹಾಗೆಯೇ ಅನ್ನಿಸಿತ್ತು. ಮರುದಿನದಿಂದ ಸ್ನಾನ ಸಂಧ್ಯಾವಂದನೆ ಮುಗಿಸಿ, ಹಿತ್ತಲಲ್ಲಿ ಮುಕ್ಕಾಲಿ ಹಾಕಿಕೊಂಡು ತಾಲೀಮಿಗೆ ಕೂತ.